ಟಿಪ್ಸ್ ಉಳಿಸಲು ಹಾಸಿದ ಹಾಸಿಗೆ

ನಾನು ಜಿಪುಣನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತಾ ಹೋದ ಹಾಗೆ ನಿಮಗೆ ಬೇರೆ ಅಭಿಪ್ರಾಯ ಬರುವ ಸಂಭವವಿದೆ. ನಾನು ತತ್ತ್ವಕ್ಕೆ ಕಟ್ಟುಬಿದ್ದ ಮನುಷ್ಯ, ಅಷ್ಟೆ. ನನ್ನ ತತ್ತ್ವಗಳೆಲ್ಲ ಜೇಬಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಎಚ್ಚರಗೊಳ್ಳುತ್ತವೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಕಾಕತಾಳೀಯ.

ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ನನ್ನ ಭಾವಮೈದ ನಮ್ಮನ್ನು ಮೂರು ರಾತ್ರಿಯ ಮಟ್ಟಿಗೆ ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಬಂದಿದ್ದ. ಈತ ಹೆಂಡತಿಯ ಒಬ್ಬನೇ ತಮ್ಮ, ವಿಮೆ ಏಜೆಂಟು. ನಮಗೊಂದು ರೂಮು, ಎದುರಿನ ರೂಮು ಅವನಿಗೆ. ಎರಡರ ಬಾಡಿಗೆಯೂ ಅವನದೇ ಆದ್ದರಿಂದ ಮೂರು ದಿನ ಅವನ ಮಾತು ಕೇಳುವುದೂ ನನ್ನ ಪಾಲಿಗೆ ಬಂದಿತ್ತು. ಮೊದಲ ದಿನ ಬೆಳಿಗ್ಗೆ ನಾನು ಎರಡನೇ ಮೊಟ್ಟೆಗೆ ಕೈ ಹಾಕುತ್ತಿದ್ದಾಗ ಅವನು ಶುರು ಮಾಡಿದ.

"ಭಾವ, ಹೊರಗೆ ಹೊರಡೋ ಮುಂಚೆ ದಿಂಬಿನ ಮೇಲೆ ಟಿಪ್ಸ್ ಇಡೋದು ಮರೀಬೇಡಿ."

"ಯಾರಿಗೆ?"

"ರೂಮು ಕ್ಲೀನ್ ಮಾಡೋರಿಗೆ. ದಿನಾ ಇಡಬೇಕು. ಇಂಥಾ ಹೋಟೆಲಲ್ಲಿ ಇಡದೇ ಹೋದ್ರೆ ಮರ್ಯಾದೆ ಉಳಿಯಲ್ಲ."

"ಎಷ್ಟು ಇಡಬೇಕು?"

"ಅದು ಅವರವರ ಯೋಗ್ಯತೆ ಭಾವ."

ಮೊಟ್ಟೆ ಗಂಟಲಲ್ಲೇ ನಿಂತಿತು. ಎಷ್ಟು ಎಂದು ಒಂದು ಅಂಕಿ ಹೇಳಿದ್ದರೆ ಅದು ಜಾಸ್ತಿಯಾಯಿತೆಂದು ಗೊಣಗಿ, ಅರ್ಧ ಇಟ್ಟು, ನಾನು ನೆಮ್ಮದಿಯಾಗಿರುತ್ತಿದ್ದೆ. ಯೋಗ್ಯತೆಗೆ ತಕ್ಕ ಹಾಗೆ ಎಂದ ಮೇಲೆ ಕಡಿಮೆ ಇಟ್ಟರೆ ಮಾನ ಹೋಗುತ್ತದೆ, ಜಾಸ್ತಿ ಇಟ್ಟರೆ ಪ್ರಾಣ ಹೋಗುತ್ತದೆ. ರಿಸೆಪ್ಷನ್ನಿನಲ್ಲಿದ್ದವನನ್ನು ಗುಟ್ಟಾಗಿ ಕೇಳಿದೆ. "ನಿಮ್ಮಿಷ್ಟ ಸರ್," ಎಂದ. ಜಗತ್ತಿನಲ್ಲಿ ಇಷ್ಟು ದುಬಾರಿಯಾದ ಮಾತು ಮತ್ತೊಂದಿಲ್ಲ. ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರೊಬ್ಬರನ್ನು, "ನೀವು ದಿಂಬಿನ ಮೇಲೆ ಎಷ್ಟು ಇಡ್ತೀರಿ?" ಎಂದು ಕೇಳಿದೆ. ಅವರು ನನ್ನನ್ನು ಒಮ್ಮೆ ನೋಡಿ ತಮ್ಮದಲ್ಲದ ಮಹಡಿಯಲ್ಲೇ ಇಳಿದುಹೋದರು.

ರೂಮಿಗೆ ಬರುವಷ್ಟರಲ್ಲಿ ನನಗೆ ತತ್ತ್ವ ಹೊಳೆದಿತ್ತು. ಟಿಪ್ಸ್ ಕೊಡುವುದು ಕೆಲಸಕ್ಕೆ. ಕೆಲಸವೇ ಇಲ್ಲದಿದ್ದರೆ ಟಿಪ್ಸಿನ ಪ್ರಶ್ನೆ ಎಲ್ಲಿಂದ ಬಂತು? ರೂಮನ್ನು ನಾವೇ ಕ್ಲೀನ್ ಮಾಡಿಬಿಟ್ಟರೆ ಯಾರಿಗೂ ಕೊಟ್ಟ ಹಾಗಿಲ್ಲ, ಯಾರಿಗೂ ಕೊಡದ ಹಾಗೂ ಇಲ್ಲ. ನಾನು ಅಂಗಿಯ ತೋಳು ಮಡಚಿದೆ.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಒಂದು ಮಾತು ಹೇಳಬೇಕು. ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಉಗ್ರಾಣಕ್ಕೆ ನಾನು ಇಪ್ಪತ್ತಾರು ವರ್ಷದಿಂದ ಯಜಮಾನ. ನಾನೂರು ಹಾಸಿಗೆಯ ಚಾದರ, ಹೊದಿಕೆ, ದಿಂಬಿನ ಚೀಲ ಎಲ್ಲ ನನ್ನ ಸುಪರ್ದಿನಲ್ಲಿವೆ. ಹೊಸದಾಗಿ ವಾರ್ಡಿಗೆ ಸೇರಿದವರಿಗೆ ಹಾಸಿಗೆ ಹಾಸುವುದನ್ನು ಕಲಿಸುವವನೂ ನಾನೇ. ಚಾದರದ ಮೂಲೆಯನ್ನು ನಾನು ಮಡಿಸಿದರೆ ರೋಗಿ ಮೂರು ದಿನ ಹೊರಳಾಡಿದರೂ ಅದು ಕದಲುವುದಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಮೂಲೆ ಮೇಷ್ಟ್ರು ಎಂದೇ ಕರೆಯುತ್ತಾರೆ. ಈ ವಿದ್ಯೆಯ ಬಗ್ಗೆ ನಾನು ಮನೆಯಲ್ಲಿ ಮಾತ್ರ ಯಾವತ್ತೂ ಬಾಯಿಬಿಟ್ಟಿರಲಿಲ್ಲ.

ಸ್ನಾನ ಮುಗಿಸಿ ಹೊರಬಂದ ಹೆಂಡತಿ ಹಾಸಿಗೆ ನೋಡಿ ಹಾಗೇ ನಿಂತಳು. ಚಾದರದಲ್ಲಿ ಒಂದು ಸುಕ್ಕಿಲ್ಲ. ಮೂಲೆಗಳು ಪೆಟ್ಟಿಗೆ ಕಟ್ಟಿದ ಹಾಗಿದ್ದವು. ನಾನು ಬಾಗಿಲ ಹತ್ತಿರ ಸೊಂಟದ ಮೇಲೆ ಕೈ ಇಟ್ಟುಕೊಂಡು ಉಸಿರು ಬಿಡುತ್ತಿದ್ದೆ.

"ಇದು ನಿಮಗೆ ಬರ್ತಿತ್ತಾ?" ಎಂದಳು.

"ಏನೋ ಸ್ವಲ್ಪ."

"ಇಪ್ಪತ್ತೈದು ವರ್ಷದಿಂದ ಬರ್ತಿತ್ತಾ?"

ನಾನು ಬಚ್ಚಲು ಒರೆಸುವುದಿದೆ ಎಂದು ಒಳಗೆ ಹೋದೆ. ಕನ್ನಡಿ ಒರೆಸಿದೆ, ಟವೆಲ್ ಮಡಿಸಿಟ್ಟೆ, ಕಸದ ಬುಟ್ಟಿಯನ್ನು ತಟ್ಟಿ ಅಂಗಿಯಿಂದ ಬಿದ್ದಿದ್ದ ಒಂದು ಗುಂಡಿಯನ್ನು ಕಾಪಾಡಿದೆ. ಅಂದು ಊರು ನೋಡಲು ಹೊರಡುವಾಗ ನಾನು ಆಫೀಸಿನ ದಿನಕ್ಕಿಂತ ಜಾಸ್ತಿ ಸುಸ್ತಾಗಿದ್ದೆ. ಮನಸ್ಸು ಮಾತ್ರ ಹಗುರವಾಗಿತ್ತು. ಎರಡನೇ ದಿನ ಬೆಳಿಗ್ಗೆಯೂ ಇದೇ ಕಾರ್ಯಕ್ರಮ ನಡೆಯಿತು.

"ಇಟ್ರಾ ಭಾವ?" ಎಂದು ಕಾರಿಡಾರಿನಲ್ಲಿ ಭಾವಮೈದ ಕೇಳಿದ.

"ಇಡೋದನ್ನೆಲ್ಲ ಇಟ್ಟಿದ್ದೀನಪ್ಪ," ಎಂದೆ. ಟವೆಲ್ಲು, ದಿಂಬು, ಸೋಪು ಎಲ್ಲವನ್ನೂ ಅದರದರ ಜಾಗದಲ್ಲೇ ಇಟ್ಟಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಮಧ್ಯಾಹ್ನ ಹೆಂಡತಿಯ ಹಿಮ್ಮಡಿ ನೋಯತೊಡಗಿ ನಾವು ಮೂರು ಗಂಟೆಗೇ ವಾಪಸ್ ಬಂದೆವು. ರೂಮಿನ ಬಾಗಿಲು ತೆರೆದಿತ್ತು. ಒಳಗೆ ಕೋಟು ಹಾಕಿದ ಒಬ್ಬ ಮನುಷ್ಯ ನಮ್ಮ ಮಂಚದ ಪಕ್ಕ ಮಂಡಿಯೂರಿ ಕೂತು ಹಾಸಿಗೆಯ ಮೂಲೆಯನ್ನು ಸವರುತ್ತಿದ್ದ.

"ಯಾರ್ರೀ ಅದು?" ಎಂದು ಹಿಂದಿನಿಂದ ಭಾವಮೈದ ಗದರಿದ.

ಆತ ತಡಬಡಿಸಿ ಎದ್ದ. "ಕ್ಷಮಿಸಿ ಸರ್. ನಾನು ಇಲ್ಲಿನ ಸೂಪರ್‌ವೈಸರ್ರು. ದಿನಾ ಒಂದೊಂದು ರೂಮು ತಪಾಸಣೆ ಮಾಡ್ತೀನಿ. ನಿನ್ನೆ ಈ ಮೂಲೆ ನೋಡಿ ನನ್ನ ಕಣ್ಣೇ ತಪ್ಪಿರಬೇಕು ಅಂದ್ಕೊಂಡೆ. ಇವತ್ತೂ ಹಾಗೇ ಇದೆ. ಹನ್ನೊಂದು ವರ್ಷದ ಸರ್ವೀಸಲ್ಲಿ ಇಂಥಾ ಮೂಲೆ ನೋಡಿಲ್ಲ ಸರ್. ಇದು ನಮ್ಮ ಸ್ಟಾಫೇ ಮಾಡಿದ್ದಾ?"

ನಾನು ಮಾಡಿದ್ದು ಎಂದರೆ, ಯಾಕೆ ಮಾಡಿದಿರಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಟ್ಟರೆ ಭಾವಮೈದನ ಎದುರು ಆ ಯೋಗ್ಯತೆ ಎಂಬುದು ನೆಲಕ್ಕೆ ಬೀಳುತ್ತದೆ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು, ಬಹಳ ಆಸಕ್ತಿಯಿಂದ.

"ಮತ್ತಿನ್ಯಾರು?" ಎಂದೆ. "ನಿಮ್ಮ ಸ್ಟಾಫೇ. ಬಹಳ ಒಳ್ಳೆ ಕೆಲಸ."

"ಇವರು ಹೇಳಿದ್ರೆ ಹೇಳಿದ ಹಾಗೇ," ಎಂದ ಭಾವಮೈದ. "ನಮ್ಮ ಭಾವ ಇದೇ ಲೈನಲ್ಲಿ ದೊಡ್ಡ ಆಫೀಸರು. ನಾನೂರು ಬೆಡ್ಡು ಇವರ ಕೈಕೆಳಗಿವೆ. ಸುಮ್ಮಸುಮ್ಮನೆ ಹೊಗಳೋರಲ್ಲ."

ಸೂಪರ್‌ವೈಸರ್ ಅದನ್ನೆಲ್ಲ ಬರೆದುಕೊಂಡ. ಅತಿಥಿಗಳ ಅಭಿಪ್ರಾಯದ ಪುಸ್ತಕ ತಂದು ನನಗೆ ನಾಲ್ಕು ಸಾಲು ಬರೆಯಲು ಹೇಳಿ ಸಹಿ ಹಾಕಿಸಿದ. ಅವನು ನಾಲ್ಕು ಸಾಲು ಕೇಳಿದ ಕಡೆ ನಾನು ಒಂಬತ್ತು ಸಾಲು ಬರೆದೆ. ನನ್ನ ಕೆಲಸವನ್ನು ಹೊಗಳುವ ಅವಕಾಶ ನನಗೆ ಆಸ್ಪತ್ರೆಯಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ.

ಸಂಜೆ ಐದಕ್ಕೆ ಬಾಗಿಲು ಬಡಿದ ಸದ್ದಾಯಿತು. ಹೋಟೆಲಿನ ಬೂದುಬಣ್ಣದ ಸಮವಸ್ತ್ರದಲ್ಲಿ ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು ನಿಂತಿದ್ದಳು. ನಮ್ಮ ಮಹಡಿಯ ರೂಮುಗಳನ್ನು ಕ್ಲೀನ್ ಮಾಡುವಾಕೆ. ಟಿಪ್ಸ್ ಕೇಳಲು ಬಂದಳೆಂದು ನನ್ನ ಕೈ ತಾನಾಗಿಯೇ ಜೇಬಿನ ಬಾಯಿ ಮುಚ್ಚಿತು.

"ಸಾರ್, ಒಂದು ಮಾತು ಕೇಳಬೇಕಿತ್ತು. ಹಾಸಿಗೆ ನೀವು ಹಾಸಿದ್ದಾ, ಅಮ್ಮಾವ್ರು ಹಾಸಿದ್ದಾ?"

"ನಾನಲ್ಲಮ್ಮ," ಎಂದಳು ಹೆಂಡತಿ ತಕ್ಷಣ. "ಒಳಗೆ ಬನ್ನಿ, ಕೂತ್ಕೊಳ್ಳಿ."

ಆಕೆ ಕೂರಲಿಲ್ಲ. ನಿಂತೇ ಹೇಳಿದಳು. ದಿನಕ್ಕೆ ಹದಿನಾಲ್ಕು ರೂಮು ಅವಳ ಪಾಲು. ನಿನ್ನೆ ನಮ್ಮ ರೂಮಿಗೆ ಬಂದರೆ ಮಾಡಲು ಏನೂ ಇರಲಿಲ್ಲ. ಸದ್ಯ ಎಂದುಕೊಂಡು, ಕೆಲಸ ಆಯಿತೆಂದು ಚೀಟಿಯಲ್ಲಿ ಗುರುತು ಹಾಕಿ, ಆ ಅರ್ಧ ಗಂಟೆ ಬಟ್ಟೆ ಕೋಣೆಯಲ್ಲಿ ಕಾಲು ಚಾಚಿ ಕೂತಳು. ಇವತ್ತೂ ಹಾಗೇ. ಈಗ ಸೂಪರ್‌ವೈಸರ್ ಓಡಿಬಂದು, ನಾಳೆ ಹತ್ತು ಗಂಟೆಗೆ ದೊಡ್ಡ ಹಾಲಿನಲ್ಲಿ ಮ್ಯಾನೇಜರ್ ಮುಂದೆ, ಎಲ್ಲ ಸ್ಟಾಫಿನ ಮುಂದೆ, ಆ ಮೂಲೆ ಮಡಿಸಿ ತೋರಿಸಬೇಕು ಎಂದಿದ್ದಾನೆ.

"ಎರಡನೇ ಮಹಡಿಗೆ ಸೂಪರ್‌ವೈಸರ್ ಬೇಕಾಗಿದ್ದಾರೆ ಸಾರ್. ನಾಳೆ ಸರಿಯಾಗಿ ಮಾಡಿ ತೋರಿಸಿದ್ರೆ ಆ ಕೆಲಸ ನನಗಂತೆ. ಒಂಬತ್ತು ವರ್ಷದಿಂದ ಬಗ್ಗಿ ಬಗ್ಗಿ ಸೊಂಟ ಹೋಗಿದೆ. ಇನ್ನು ಬಗ್ಗೋದು ತಪ್ಪುತ್ತೆ. ಮಾಡಕ್ಕೆ ಬರಲಿಲ್ಲ ಅಂದ್ರೆ, ಎರಡು ದಿನ ಕೆಲಸ ಮಾಡದೇ ಗುರುತು ಹಾಕಿದ್ದು ಗೊತ್ತಾಗುತ್ತೆ. ಅವತ್ತೇ ಮನೆಗೆ ಕಳಿಸ್ತಾರೆ. ಮಧ್ಯಾಹ್ನದಿಂದ ಮೂರು ಮಂಚದ ಮೇಲೆ ಪ್ರಯತ್ನ ಪಟ್ಟೆ. ಬರ್ತಿಲ್ಲ." ಸ್ವಲ್ಪ ತಡೆದು ಕೇಳಿದಳು: "ತಪ್ಪು ತಿಳೀಬೇಡಿ. ನೀವು ಯಾಕೆ ಹಾಸಿದ್ರಿ ಸಾರ್?"

"ಅಭ್ಯಾಸ," ಎಂದೆ. "ಕೈ ಸುಮ್ಮನಿರಲ್ಲ."

"ಟಿಪ್ಸ್ ಉಳಿಸೋಕೆ," ಎಂದಳು ಹೆಂಡತಿ.

ನಾನು ಕಿಟಕಿಯ ಪರದೆಯನ್ನು ಪರೀಕ್ಷಿಸತೊಡಗಿದೆ. ಬಟ್ಟೆ ಚೆನ್ನಾಗಿತ್ತು.

"ಟಿಪ್ಸಾ?" ಎಂದಳು ಆಕೆ. ಅವಳಿಗೆ ನಿಜಕ್ಕೂ ಆಶ್ಚರ್ಯವಾದ ಹಾಗಿತ್ತು. "ಯಾರು ಕೊಡ್ತಾರೆ ಸಾರ್? ಎದುರು ರೂಮಿನವರು ಎರಡು ದಿನದಿಂದ ನೆಲದ ಮೇಲೆ ನಾಲ್ಕು ಒದ್ದೆ ಟವೆಲ್ ಬಿಟ್ಟು ಹೋಗ್ತಾರೆ, ಇನ್ನೇನೂ ಬಿಟ್ಟಿಲ್ಲ. ಕೊಟ್ರೆ ಖುಷಿ. ಕೊಡದೇ ಹೋದ್ರೆ ಸಂಬಳ ಅಂತೂ ಇದೆ. ಆದ್ರೆ ನೀವು ಕೆಲಸಾನೇ ಕಿತ್ಕೊಂಡ್ಬಿಟ್ರೆ ಹೇಗೆ?"

ಎದುರು ರೂಮಿನ ಸುದ್ದಿ ಕೇಳಿ ಹೊಟ್ಟೆ ತಣ್ಣಗಾಯಿತು. ಅದರ ಹಿಂದೆಯೇ ಬಂದ ಮಾತು ಎದೆಗೆ ನಾಟಿತು. ನನಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಕೊಳ್ಳಲು ನಾನು ಮೇಷ್ಟ್ರಾದೆ.

"ಚಾದರ ತೆಗೀರಿ," ಎಂದೆ. "ಮೊದಲಿಂದ."

ಪಾಠ ಎರಡು ಗಂಟೆ ನಡೆಯಿತು. "ಮೂಲೆಯಿಂದ ಒಂದು ಮೊಳ ಬಿಟ್ಟು ಅಂಚು ಹಿಡೀರಿ. ಎತ್ತಿ ಹಾಸಿಗೆ ಮೇಲಿಡಿ. ಕೆಳಗೆ ಜೋತಾಡ್ತಿರೋದನ್ನ ಒಳಗೆ ತಳ್ಳಿ. ಈಗ ಮೇಲಿಟ್ಟಿದ್ದನ್ನ ಇಳಿಸಿ. ಇಳಿಸಿ ಅಂದೆ, ಎಳೀರಿ ಅನ್ನಲಿಲ್ಲ." ಆಸ್ಪತ್ರೆಯಲ್ಲಿ ಹೇಗೆ ಸಿಡುಕುತ್ತೇನೋ ಇಲ್ಲೂ ಹಾಗೇ ಸಿಡುಕಿದೆ. ಮೊದಲ ಸಲ ಮೂಲೆ ಉಬ್ಬಿತು. ಎರಡನೇ ಸಲ ಜಾರಿತು. ಐದನೇ ಸಲ ಅವಳು ಸೊಂಟ ಹಿಡಿದುಕೊಂಡು ಎದ್ದು ನಿಂತಾಗ ಹೆಂಡತಿ, "ಅವರನ್ನ ಯಾಕೆ ಬಗ್ಗಿಸ್ತೀರಿ, ನೀವು ಬಗ್ಗಿ ತೋರಿಸಿ," ಎಂದಳು. ನಾನು ಆರು ಸಲ ಬಗ್ಗಿ ತೋರಿಸಿದೆ. ಏಳನೆಯ ಸಲ ನನ್ನನ್ನು ಇಬ್ಬರೂ ಕೈ ಹಿಡಿದು ಎಬ್ಬಿಸಿದರು.

ಕೊನೆಗೆ ಬಂತು. ಒಂದು ಮೂಲೆ, ಎರಡು ಮೂಲೆ, ನಾಲ್ಕೂ. ನಾನು ಹೊದಿಕೆಯನ್ನೂ ಅದೇ ಬಿಗಿಯಲ್ಲಿ ಸುತ್ತ ತುರುಕಿ, ಕೈ ಒರೆಸಿಕೊಂಡು, "ಹೀಗೆ," ಎಂದೆ. ಆಕೆ ಹಾಸಿಗೆಯನ್ನೇ ನೋಡುತ್ತಿದ್ದಳು.

"ಸಾರ್, ಇದರೊಳಗೆ ಮನುಷ್ಯರು ಹೇಗೆ ಹೋಗ್ತಾರೆ?"

"ಅದನ್ನ ನನ್ನ ಕೇಳಿ," ಎಂದಳು ಹೆಂಡತಿ. "ನಿನ್ನೆ ಲಕೋಟೆಯೊಳಗೆ ಕಾಗದ ಹಾಕಿದ ಹಾಗೆ ಮಲಗಿದ್ದೀನಿ. ಮಗ್ಗುಲು ಬದಲಾಯಿಸಬೇಕಾದ್ರೆ ಇಬ್ಬರೂ ಒಟ್ಟಿಗೇ ಬದಲಾಯಿಸಬೇಕು."

"ಆಸ್ಪತ್ರೆಯಲ್ಲಿ ಇವತ್ತಿನವರೆಗೂ ಒಬ್ಬರೂ ದೂರು ಹೇಳಿಲ್ಲ," ಎಂದೆ.

"ಪಾಪ, ಅವರಿಗೆ ಅಷ್ಟು ಶಕ್ತಿ ಎಲ್ಲಿರುತ್ತೆ."

ಆಕೆ ನನ್ನನ್ನು ಕೇಳಲೂ ಇಲ್ಲ. ತಲೆಯ ಕಡೆ ಹೊದಿಕೆಯನ್ನು ಎರಡು ಗೇಣು ಹೊರಗೆಳೆದು, ಒಂದು ಮಡಿಕೆ ತಿರುಗಿಸಿ, ಅಂಗೈಯಲ್ಲಿ ಒಮ್ಮೆ ಒತ್ತಿದಳು. ಕೆಳಗೆ ನನ್ನ ಬಿಗಿ ಹಾಗೇ ಇತ್ತು, ಮೇಲೆ ಬಾ ಎಂದು ಕರೆದ ಹಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು.

ಮರುದಿನ ಹತ್ತು ಗಂಟೆಗೆ ಹಾಲಿನ ನಡುವೆ ಒಂದು ಮಂಚ. ಸುತ್ತ ಮೂವತ್ತು ಜನ ಸಿಬ್ಬಂದಿ. ಮುಂದಿನ ಸಾಲಿನಲ್ಲಿ ಕನ್ನಡಕವನ್ನು ಮೂಗಿನ ತುದಿಗಿಳಿಸಿದ ಮ್ಯಾನೇಜರ್ ಮೇಡಂ. ಅವರ ಪಕ್ಕದಲ್ಲಿ ನನ್ನನ್ನು ಕೂರಿಸಿದರು, ಏಕೆಂದರೆ ಒಂಬತ್ತು ಸಾಲು ಬರೆದ ತಜ್ಞರು ಇವರೇ ಎಂದು ಸೂಪರ್‌ವೈಸರ್ ಪರಿಚಯ ಮಾಡಿಕೊಟ್ಟಿದ್ದ. ಹೆಂಡತಿ ನನ್ನ ಬಲಕ್ಕೆ ಕೂತಳು. ಭಾವಮೈದ ಹಿಂದೆ ಕೂತು, ಇಷ್ಟು ಜನರ ಪೈಕಿ ಎಷ್ಟು ಮಂದಿಗೆ ವಿಮೆ ಇಲ್ಲ ಎಂದು ಅಂದಾಜು ಮಾಡುತ್ತಿದ್ದ.

ಆಕೆ ಬಂದಳು. ಮೊದಲ ಮೂಲೆಗೆ ಅಂಚು ಹಿಡಿದಾಗ ಒಂದು ಮೊಳದ ಜಾಗದಲ್ಲಿ ಒಂದೂವರೆ ಮೊಳ ಬಿಟ್ಟಿದ್ದಳು. ನಾನು ಕುರ್ಚಿಯಲ್ಲೇ ಕೆಮ್ಮಿದೆ. ಅವಳು ಕೈ ಹಿಂದಕ್ಕೆ ಸರಿಸಿದಳು. ಮ್ಯಾನೇಜರ್ ನನಗೆ ನೀರು ತರಿಸಿಕೊಟ್ಟರು. ಆಮೇಲೆ ಕೆಮ್ಮಬೇಕಾಗಿ ಬರಲಿಲ್ಲ. ನಾಲ್ಕು ಮೂಲೆ ನಾಲ್ಕು ನಿಮಿಷದಲ್ಲಿ ಕೂತವು. ತಲೆಯ ಕಡೆ ಅವಳದೇ ಆದ ಆ ಎರಡು ಗೇಣಿನ ಸಡಿಲ.

"ಇಲ್ಲಿ ಯಾಕೆ ಸಡಿಲ ಬಿಟ್ರಿ?" ಎಂದು ಮ್ಯಾನೇಜರ್ ಕೇಳಿದರು.

"ಒಳಗೆ ಮಲಗೋರು ಮನುಷ್ಯರಲ್ವಾ ಮೇಡಂ."

"ನೋಡೋಣ. ಸರ್, ನೀವೇ ಒಂದ್ಸಲ ಮಲಗಿ ನೋಡಿ."

ಹೀಗೆ ನಾನು ಮೂವತ್ತು ಜನರ ಎದುರು ಬೂಟು ಕಳಚಿದೆ. ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಹೊರಬಂದು ಸಭೆಯನ್ನು ನೋಡಿತು. ಹೊದಿಕೆಯೊಳಗೆ ಸಲೀಸಾಗಿ ಜಾರಿದೆ, ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ, ಎದ್ದೆ. ಮೂಲೆ ಒಂದೂ ಕದಲಿರಲಿಲ್ಲ. ಚಪ್ಪಾಳೆ ಬಿತ್ತು. ಅಭ್ಯಾಸವಿಲ್ಲದ್ದರಿಂದ ಅದು ನನಗೆ ಬಿದ್ದದ್ದೆಂದು ತಿಳಿದು ನಾನು ಕೈಮುಗಿದೆ.

ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ ಮ್ಯಾನೇಜರ್ ಕನ್ನಡಕ ತೆಗೆದರು.

"ಒಂದು ಅನುಮಾನ. ಒಂಬತ್ತು ವರ್ಷದಿಂದ ಇಲ್ಲಿದ್ದೀರಿ. ಬೇರೆ ಯಾವ ರೂಮಲ್ಲೂ ಈ ಮೂಲೆ ನಾವು ಕಂಡಿಲ್ಲ. ಸರ್, ಈ ಎರಡು ದಿನ ನಿಮ್ಮ ರೂಮಲ್ಲಿ ಹಾಸಿಗೆ ಹಾಸಿದ್ದು ಇವರೇನಾ? ನೀವು ಕಣ್ಣಾರೆ ನೋಡಿದ್ದೀರಾ?"

ಆಕೆ ದಿಂಬನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಎರಡು ದಿನ ನನ್ನ ಮರ್ಯಾದೆಗೋಸ್ಕರ ಸರಾಗವಾಗಿ ಸುಳ್ಳು ಹೇಳಿದ ನನ್ನ ನಾಲಿಗೆ, ಇನ್ನೊಬ್ಬರಿಗೋಸ್ಕರ ಒಂದೇ ಒಂದು ಸುಳ್ಳು ಹೇಳಬೇಕಾಗಿ ಬಂದಾಗ ಅಂಗುಳಕ್ಕೆ ಅಂಟಿಕೊಂಡುಬಿಟ್ಟಿತು. ನಾನು ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

"ಇದೇನ್ ಮೇಡಂ ಹೀಗೆ ಕೇಳ್ತೀರಿ," ಎಂದು ಹಿಂದಿನಿಂದ ಭಾವಮೈದ ಎದ್ದು ನಿಂತ. "ಇವರಲ್ದೆ ಇನ್ಯಾರು, ನಮ್ಮ ಭಾವ ಹಾಸ್ತಾರಾ? ಮನೇಲಿ ಬಿದ್ದ ದಿಂಬನ್ನ ಎತ್ತಿಟ್ಟೋರಲ್ಲ ಅವರು. ಬೇಕಾದ್ರೆ ನಮ್ಮಕ್ಕನ್ನ ಕೇಳಿ."

ಎಲ್ಲರೂ ನನ್ನ ಹೆಂಡತಿಯ ಕಡೆ ತಿರುಗಿದರು. ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

"ನಿಜ ಮೇಡಂ," ಎಂದಳು ಗಂಭೀರವಾಗಿ. "ಇಪ್ಪತ್ತೈದು ವರ್ಷದಲ್ಲಿ ಒಂದು ದಿನ ಇವರು ಮನೇಲಿ ಹಾಸಿಗೆ ಮುಟ್ಟಿದ್ದು ನಾನು ನೋಡಿಲ್ಲ. ಮಕ್ಕಳಾಣೆಗೂ."

ಅಷ್ಟು ನೋವಿನಿಂದ ಬಂದ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ತಳ್ಳಿಹಾಕುವಂತಿರಲಿಲ್ಲ. ಹೆಂಗಸರ ಸಾಲಿನಿಂದ ನಾಲ್ಕಾರು ಜನ ನನ್ನನ್ನು ನೋಡಿ ತಲೆಯಾಡಿಸಿದರು. ಮ್ಯಾನೇಜರ್ ಮೇಡಂ ಕೂಡ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅದರಲ್ಲೂ ಹೆಬ್ಬೆರಳನ್ನು ನೋಡಿ, ಕನ್ನಡಕ ಮತ್ತೆ ಹಾಕಿಕೊಂಡರು. ಮುಂದಿನ ತಿಂಗಳಿಂದ ಎರಡನೇ ಮಹಡಿ ಇವರಿಗೆ ಎಂದು ಅಲ್ಲೇ ಹೇಳಿದರು. ದಿಂಬು ಅವಳ ಕೈಯಿಂದ ಜಾರಿ ಕೆಳಗೆ ಬಿತ್ತು. ಅದನ್ನು ನಾನು ಎತ್ತಿಕೊಡಲು ಬಗ್ಗಿದಾಗ ಹೆಂಡತಿ ನನ್ನ ಅಂಗಿ ಹಿಡಿದು ಎಳೆದಳು. ಸಾಕ್ಷಿ ಕೆಡುತ್ತದೆ ಎಂದು.

ಹನ್ನೆರಡಕ್ಕೆ ನಾವು ರೂಮು ಖಾಲಿ ಮಾಡಿದೆವು. ಅವತ್ತು ನಾನು ಹಾಸಿಗೆಯನ್ನು ಬೇಕೆಂದೇ ಚೆಲ್ಲಾಪಿಲ್ಲಿ ಬಿಟ್ಟು, ಅಂಗಿಯ ಜೇಬಿನಲ್ಲಿ ಒಂದು ನೋಟು ಇಟ್ಟುಕೊಂಡಿದ್ದೆ. ಅದನ್ನು ಎರಡು ಸಲ ದೊಡ್ಡ ನೋಟಿಗೆ ಬದಲಾಯಿಸಿ, ಮೂರನೇ ಸಲ ಮತ್ತೆ ಚಿಕ್ಕದಕ್ಕೇ ಬಂದು ನಿಂತಿದ್ದೆ. ಕಾರಿಡಾರಿನಲ್ಲಿ ಅವಳು ಚಾದರದ ಗಾಡಿ ತಳ್ಳಿಕೊಂಡು ಎದುರಾದಳು. ಗಾಡಿ ಕಂಡೊಡನೆ ಭಾವಮೈದ ಯಾವುದೋ ತುರ್ತು ಫೋನು ಬಂದವನ ಹಾಗೆ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಲಿಫ್ಟಿನೊಳಗೆ ಮಾಯವಾದ.

ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವಳೇ ಮುಂದೆ ಬಂದು, ನಾಲ್ಕು ಮಡಿಕೆ ಮಾಡಿದ ಒಂದು ನೋಟನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು.

"ಬೇಡ ಅನ್ನಬೇಡಿ ಸಾರ್. ಎರಡು ದಿನ ನನ್ನ ರೂಮು ಮಾಡಿದೀರಿ. ಮೇಲೆ ಪಾಠ ಬೇರೆ."

"ಛೆ, ಇದೆಲ್ಲ ಯಾಕಮ್ಮ," ಎಂದೆ. ಹೆಂಡತಿಯ ಕಡೆ ನೋಡಿದೆ.

"ತಗೊಳ್ಳಿ," ಎಂದಳು ಹೆಂಡತಿ. "ದುಡಿದಿದ್ದೀರಿ."

ಅಲ್ಲಿಯೇ ಬಿಡಿಸಿ ನೋಡಬಾರದಿತ್ತು. ನೋಡಿದೆ. ಅದು ನನ್ನ ಜೇಬಿನಲ್ಲಿದ್ದ ನೋಟಿಗಿಂತ ದೊಡ್ಡದಾಗಿತ್ತು. ಎರಡು ಮೆಟ್ಟಿಲು ದೊಡ್ಡದು. ಆದರೆ ನನ್ನ ಇನ್ನೊಂದು ಕೈ ಆಗಲೇ ಜೇಬಿನೊಳಗಿತ್ತು, ಅದನ್ನು ಅವಳೂ ನೋಡಿದ್ದಳು, ಹೆಂಡತಿಯೂ ನೋಡಿದ್ದಳು. ಬರಿಗೈ ಹೊರತೆಗೆಯುವ ಹಾಗಿರಲಿಲ್ಲ. ನನ್ನ ನೋಟು ತೆಗೆದು ಅವಳ ಕೈಗೆ ಕೊಟ್ಟೆ.

ಅವಳು ಅದನ್ನು ನೋಡಿದಳು. ನನ್ನ ಮುಖ ನೋಡಿದಳು. ನಗಲಿಲ್ಲ. ಜೋಪಾನವಾಗಿ ಮಡಿಸಿ ಸಮವಸ್ತ್ರದ ಜೇಬಿಗೆ ಹಾಕಿಕೊಂಡು ಗಾಡಿ ತಳ್ಳಿದಳು.

"ಪರವಾಗಿಲ್ಲ ಸಾರ್," ಎಂದಳು. "ಮೊದಲನೇ ಸಲ ಅಲ್ವಾ. ಕಲೀತೀರಿ."